ಎಡಗಾಲಿನ ಜೇನು

ಏಪ್ರಿಲ್ 14, ಮಂಗಳವಾರ

ಬೆಳಗಿನ ಡ್ರೆಸ್ಸಿಂಗ್ ಮುಗಿಯಿತು. ಟವೆಲು, ಬೋಗುಣಿ, ಉಗುರುಬೆಚ್ಚಗಿನ ಉಪ್ಪುನೀರು, ಕತ್ತರಿ, ಟ್ಯೂಬು. ಅದೇ ಕ್ರಮ. ಎಡಗಾಲು ಹೇಮಚಂದ್ರನ ತೊಡೆಯ ಮೇಲೆ, ಮುಖ ಕಿಟಕಿಯ ಕಡೆ. ನಾಕ್‌ನರೇ ಬೆಟ್ಟ ಇವತ್ತು ಅರ್ಧ ಇತ್ತು. ಉಳಿದರ್ಧ ಮೋಡದಲ್ಲಿ. ಹಳೇ ಪಟ್ಟಿ ಬಿಚ್ಚಿದಾಗ ತಣ್ಣಗೆ. ಜೇನು ತಾಗಿದಾಗ ಉರಿ.

"ಉರೀತಾ?"

"ಹೂಂ."

"ಉರೀಲಿ. ಕೆಲಸ ಮಾಡ್ತಿದೆ ಅಂತ."

ಮೊದಲ ದಿನ ನಕ್ಕಿದ್ದೆ. ಇಷ್ಟು ವರ್ಷ ಸರ್ಜರಿ ಮಾಡಿ ಕೊನೆಗೆ ಜೇನೇನ್ರೀ, ಅಡುಗೆಮನೇಲೇ ಒಂದು ಬಾಟ್ಲಿ ಇತ್ತಲ್ಲ, ಅಂತ. ಅವನಿಗೆ ಸಿಟ್ಟು ಬರಲಿಲ್ಲ. "ಅದು ದೋಸೆಗೆ. ಅದರಲ್ಲಿ ಏನೇನಿರುತ್ತೋ ಯಾರು ಕಂಡ್ರು. ಇದು ಗಾಯಕ್ಕೇ ಅಂತ ರೇಡಿಯೇಷನ್ ಕೊಟ್ಟು ಶುದ್ಧ ಮಾಡಿರೋದು." ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದ. ಕಪ್ಪು, ಗಟ್ಟಿ. ಔಷಧಿಯ ವಾಸನೆ. ಇದು ಯಾವ ಹೂವಿನದು ಅಂತ ಹೇಳಲು ಬಾಟನಿ ಓದಿದ ನನಗೂ ಆಗಲಿಲ್ಲ.

ಬಿದ್ದದ್ದು ಕುದಿಯುವ ಪುಳಿಯೋಗರೆ ಗೊಜ್ಜು. ರಾಮನವಮಿಗೆ ಪರದೇಶದ ಈ ಸ್ಲೈಗೋ ಊರಿನ ಕನ್ನಡದವರೆಲ್ಲ ಸೇರುವುದಿತ್ತು. ನನ್ನ ಪಾಲಿಗೆ ಬಂದದ್ದು ಪುಳಿಯೋಗರೆ. ಬಾಣಲೆ ಜಾರಿತು. ನೀರಾಗಿದ್ದರೆ ಹರಿದುಹೋಗುತ್ತಿತ್ತು. ಗೊಜ್ಜು — ಕಾಲಿನ ಮೇಲೆ ಅಂಟಿ ಕೂತಿತು. ಕೆರೆದು ತೆಗೆಯಬೇಕಾಯಿತು.

ಏಪ್ರಿಲ್ 17, ಶುಕ್ರವಾರ

ಬಾಯಲ್ಲಿ ಅವನಿಗೆ 'ನೀವು'. ಇಲ್ಲಿ, ಕಾಗದದ ಮೇಲೆ, 'ಅವನು'. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನದು ಅಂತ ಇರುವ ಸ್ವಾತಂತ್ರ್ಯ ಸದ್ಯಕ್ಕೆ ಇಷ್ಟೇ.

ಮಹಡಿಯ ಕೋಣೆ. ಮಂಚ, ಕುರ್ಚಿ, ಕಾಲಿಡಲು ಸ್ಟೂಲು. ಮೆಟ್ಟಿಲು ಇಳಿಯಬಾರದು. ಕಾಲು ಕೆಳಗೆ ಬಿಡಬಾರದು. ಗಾಯಕ್ಕೆ ಗಾಳಿ ತಾಗಬಾರದು. ಮಧ್ಯಾಹ್ನಕ್ಕೆ ಮೊಸರನ್ನ ಡಬ್ಬಿಯಲ್ಲಿ ತುಂಬಿಟ್ಟು ಆಸ್ಪತ್ರೆಗೆ ಹೋಗುತ್ತಾನೆ. ಅನ್ನ ಸ್ವಲ್ಪ ಗಟ್ಟಿ. ಉಪ್ಪು ಸರಿ.

ಆಸ್ಪತ್ರೆಯಲ್ಲಿ ಮೊದಲ ಸಲ ಪಟ್ಟಿ ಬಿಚ್ಚಿದಾಗ ಗಾಯ ನೋಡಿದೆ. ಕಣ್ಣು ಕತ್ತಲಿಟ್ಟಿತು. ಅಂದಿನಿಂದ ಕಿಟಕಿಯೇ ಗತಿ. ಎಷ್ಟೋ ಕಾಂಡಗಳನ್ನು ಅಡ್ಡ ಕೊಯ್ದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟವಳು. ನನ್ನದೇ ಒಂದು ಅಂಗೈಯಗಲ ನೋಡಲಾಗುವುದಿಲ್ಲ. ನರ್ಸ್ ಎರಡು ಸಲ ಕಟ್ಟಿದಳು. ಆಮೇಲೆ ಅವನೇ ಹೇಳಿದ — ಮನೇಲಿ ನಾನೇ ನೋಡ್ಕೋತೀನಿ. ಯಾರು ಬೇಡ ಅಂದಾರು? ಮನೆಯಲ್ಲೇ ಡಾಕ್ಟರು.

ಮದುವೆಯ ದಿನ ನೆನಪಾಗುತ್ತದೆ. ಅಪ್ಪ ಬೆಳ್ಳಿ ತಟ್ಟೆಯಲ್ಲಿ ಅವನ ಕಾಲು ತೊಳೆದು, ಮಧುಪರ್ಕ ಅಂತ ಜೇನು ಮೊಸರು ಕೊಟ್ಟರು. ಜೇನು ಗದ್ದಕ್ಕೆ ಇಳಿಯಿತು. ಒರೆಸಿಕೊಳ್ಳಲು ಯಾರೂ ಬಟ್ಟೆ ಕೊಡಲಿಲ್ಲ. ಅವನೂ ಕೇಳಲಿಲ್ಲ. ಈಗ ಅವನು ನನ್ನ ಕಾಲು ತೊಳೆಯುತ್ತಾನೆ. ಜೇನು ಹಚ್ಚುತ್ತಾನೆ. ಮಂತ್ರ ಒಂದಿಲ್ಲ.

ಏಪ್ರಿಲ್ 22, ಬುಧವಾರ

ಮೈಸೂರಿನಿಂದ ಫೋನು. ನಮ್ಮ ಕಾಲೇಜಿನ ಬಾಟನಿ ವಿಭಾಗದ ಮುಖ್ಯಸ್ಥ ಚಿಕ್ಕಣ್ಣ.

"ಮೇಡಂ, ಜೂನ್ ಒಂದು. ಸೋಮವಾರ. ಬಂದು ರಿಪೋರ್ಟ್ ಮಾಡ್ಕೊಳ್ಳಿ. ಸಂಬಳ ಇಲ್ದಿರೋ ರಜೆ ಐದು ವರ್ಷ, ಪೂರಾ ತಿಂದಾಯ್ತು ನೀವು. ಇನ್ನೊಂದು ದಿನ ಕೊಡಿ ಅಂದ್ರೂ ನನ್ ಕೈಲಿಲ್ಲ. ಪೋಸ್ಟ್ ಹೋಗುತ್ತೆ."

ಕಾಲು ಸುಟ್ಟುಕೊಂಡಿದೆ, ಜೇನು ಹಚ್ಚುತ್ತಿದ್ದೇವೆ ಅಂದೆ.

"ಜೇನಾ! ಅಯ್ಯೋ, ಅದಕ್ಕೆ ಅಷ್ಟು ದೂರ ಯಾಕ್ರೀ? ನಮ್ ಬಿಲ್ಡಿಂಗ್ ಸಜ್ಜಾ ಕೆಳಗೆ ನಾಲ್ಕು ಹೆಜ್ಜೇನು ಗೂಡು ಕಟ್ಟಿದೆ. ಬನ್ನಿ, ಕಾಲು ಅದ್ದಿ. ಪ್ರಿನ್ಸಿಪಾಲರನ್ನೂ ಅದ್ದೋಣ."

ನಕ್ಕೆ. ಜೋರಾಗಿ. ಈ ಕೋಣೆಯಲ್ಲಿ ಆ ಸದ್ದು ಬೇರೆ ಯಾರದ್ದೋ ಅನ್ನಿಸಿತು.

ಸಂಜೆ ಹೇಮಚಂದ್ರನಿಗೆ ಹೇಳಿದೆ. ಟೀ ಕುಡಿಯುತ್ತಿದ್ದ. "ರಾಜೀನಾಮೆ ಇಮೇಲಲ್ಲೇ ಕಳಿಸಬಹುದಲ್ಲ, ವಸು. ಅಲ್ಲಿ ಯಾರಿದಾರೆ ನಿಂಗೆ?" ಕೇಳಿದ ರೀತಿ ಒಳ್ಳೆಯದೇ. ಉತ್ತರಕ್ಕೆ ಕಾಯದೆ ಲೋಟ ತೆಗೆದುಕೊಂಡು ಹೋದ.

ಯಾರೂ ಇಲ್ಲ. ಮೂವತ್ತು ಹುಡುಗಿಯರು, ಒಂದು ಕರಿ ಹಲಗೆ. ವಸುಂಧರಾ ಮೇಡಂ ಅಂತ ಕರೆಸಿಕೊಳ್ಳುವ ಒಬ್ಬಳು — ಅವಳಿದ್ದಾಳೆ ಅಲ್ಲಿ.

ಏಪ್ರಿಲ್ 30, ಗುರುವಾರ

ಊರಿಗೆ ಮರಳಲು ಮೊದಲೇ ತೆಗೆಸಿದ್ದ ಮೇ ನಾಲ್ಕರ ಟಿಕೆಟ್ಟು ಮುಂದೆ ಹೋಯಿತು. ಅವನೇ ಏಜೆಂಟಿಗೆ ಫೋನು ಮಾಡಿದ. "ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತ್ರೆ ಊದ್ಕೊಳ್ಳುತ್ತೆ. ಹೊಸ ಚರ್ಮ ಬಿರಿಯುತ್ತೆ." ಈಗ ಮೇ ಇಪ್ಪತ್ತೆಂಟು. ಅದು ತಪ್ಪಿದರೆ ಮತ್ತೆ ಟಿಕೆಟ್ಟಿಗೆ ಅರ್ಥವಿಲ್ಲ.

ಇವತ್ತು ಉರಿಯಲಿಲ್ಲ. ಹೇಳಿದೆ.

"ಒಳ್ಳೇದು," ಅಂದ. ಟೇಪು ಅಂಟಿಸುತ್ತಾ — "ಆದ್ರೂ ಹುಷಾರಾಗಿರಬೇಕು."

ಈ ಅರ್ಧ ಗಂಟೆಯಲ್ಲಿ ಅವನು ಬೇರೆಯೇ ಮನುಷ್ಯ. ಮಾತಾಡುತ್ತಾನೆ. ಇವತ್ತು ವಾರ್ಡಿನ ಮುದುಕನೊಬ್ಬನ ಕಥೆ. ದನ ಸಾಕುವವನಂತೆ. ಮೊಣಕಾಲ ಕೆಳಗೆ ಹುಣ್ಣು. ಜೇನು ಹಚ್ಚುವಾಗೆಲ್ಲ 'ಡಾಕ್ಟರೇ, ಟೋಸ್ಟ್ ಎಲ್ಲಿ' ಅಂತ ಕೇಳುತ್ತಾನಂತೆ. ಮುದುಕನ ದನಿಯಲ್ಲೇ ಹೇಳಿ ತೋರಿಸಿದ. ಚೆನ್ನಾಗಿ ಅನುಕರಿಸುತ್ತಾನೆ. ಇದು ನನಗೆ ಗೊತ್ತೇ ಇರಲಿಲ್ಲ. ಉಳಿದ ಹೊತ್ತು ಅವನು ನ್ಯೂಸ್ ನೋಡುತ್ತಾನೆ. ಬಾಗಿಲು ಹಾಕುತ್ತಾನೆ. ಜೊತೆಗಿದ್ದವರೆಲ್ಲ ಕನ್ಸಲ್ಟೆಂಟ್ ಆದರು, ಇವನು ಅವರ ಕೈಕೆಳಗಿನ ರಿಜಿಸ್ಟ್ರಾರ್ ಡಾಕ್ಟರಾಗಿಯೇ ಉಳಿದ. ಆ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಬಟ್ಟೆ ಸುತ್ತುವಾಗ ಮಾತ್ರ ಅವನ ಬೆರಳುಗಳಿಗೆ ಆತುರವಿಲ್ಲ.

ನಾನೂ ಬೆಳಗಾಗುವುದನ್ನೇ ಕಾಯುತ್ತೇನೆ. ಇದನ್ನು ಬರೆಯಬಾರದಿತ್ತೇನೋ.

ಮೇ 9, ಶನಿವಾರ

ಅದಿತಿ ಬಂದಿದ್ದಾಳೆ, ಅತ್ಲೋನಿನಿಂದ ಬಸ್ಸಿನಲ್ಲಿ. ಕಾಲೇಜಿನ ಮೊದಲ ವರ್ಷ ಮುಗಿಯಿತು. ಐದು ವರ್ಷದಲ್ಲಿ ಮಗಳ ನಾಲಿಗೆ ಪೂರ್ತಿ ಇಲ್ಲಿಯದಾಗಿದೆ. ನಾನು ಕನ್ನಡ, ಅವಳು ಇಂಗ್ಲಿಷು. ಜಗಳವೂ ಹಾಗೆಯೇ.

ಡ್ರೆಸ್ಸಿಂಗಿಗೆ ಅವಳೇ ಬೋಗುಣಿ ಹಿಡಿದಳು. ನಾನು ಕಿಟಕಿಯ ಕಡೆ. ಬೆಟ್ಟ ಪೂರ್ತಿ ಕಾಣುತ್ತಿತ್ತು, ತುದಿಯ ಕಲ್ಲುಗುಡ್ಡೆ ಸಮೇತ. ಪಟ್ಟಿ ಬಿಚ್ಚಿದ ಸದ್ದು. ಬೋಗುಣಿಯ ನೀರು ಒಮ್ಮೆ ತುಳುಕಿತು.

"ಹೇಗಿದೆ ಪುಟ್ಟಿ?"

"ಇಟ್ಸ್ ಗ್ರ್ಯಾಂಡ್, ಅಮ್ಮಾ."

ಇಲ್ಲಿ ಎಲ್ಲಕ್ಕೂ ಗ್ರ್ಯಾಂಡ್, ಚೆನ್ನಾಗಿದೆ ಅಂತ. ಮಳೆಗೂ, ಸಾವಿಗೂ.

ಹೇಮಚಂದ್ರ ಮುದುಕನ ಕಥೆ ಮುಂದುವರಿಸಲಿಲ್ಲ.

ಮೇ 10, ಭಾನುವಾರ

ಅದಿತಿ ಮಂಚದ ತುದಿಯಲ್ಲಿ ಕುಳಿತು ಉಗುರು ಕಚ್ಚುತ್ತಿದ್ದಳು.

"ಅಮ್ಮಾ, ಹ್ಯಾವ್ ಯು ಲುಕ್ಡ್ ಅಟ್ ಇಟ್?"

"ನಂಗೆ ನೋಡಕ್ಕಾಗಲ್ಲ ಅಂತ ಗೊತ್ತಲ್ವೇ."

"ಜಸ್ಟ್ ಲುಕ್, ವಿಲ್ ಯಾ."

"ಅಪ್ಪ ನೋಡ್ತಿದಾರಲ್ಲ."

"ಯಾ," ಅಂದಳು. "ಹೀ ಈಸ್." ಎದ್ದು ಕೆಳಗೆ ಹೋದಳು. ಇಬ್ಬರೂ ಏನೋ ಮಾತಾಡಿದರು. ಜೋರು ದನಿಯಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಟಳು. ಬೇಸಿಗೆಗೆ ಅಲ್ಲೇ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆಯಂತೆ.

ಮೇ 19, ಮಂಗಳವಾರ

ನೋಡಲು ಒಂಬತ್ತು ದಿನ ಬೇಕಾಯಿತು.

ಅವನು ಡ್ಯೂಟಿಗೆ ಹೋದ ಮೇಲೆ ಕುರ್ಚಿಯಲ್ಲಿ ಕುಳಿತು ಬಿಚ್ಚಿದೆ. ಕಣ್ಣು ಕತ್ತಲಿಡುತ್ತದೆ ಅಂತ ಮಂಚದ ಕಂಬ ಹಿಡಿದುಕೊಂಡಿದ್ದೆ. ಬಟ್ಟೆಗೆ ಅಂಟಿದ್ದು ಜೇನು ಮಾತ್ರ. ಶುದ್ಧ. ಹಳದಿಯಿಲ್ಲ, ರಕ್ತವಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದೆ.

ಗಾಯವಿಲ್ಲ.

ಗುಲಾಬಿ ಬಣ್ಣದ ಚರ್ಮ, ನಯ. ಸುತ್ತಲೂ ಬೆಳ್ಳಗೆ ಸುಕ್ಕು, ಬಟ್ಟೆ ಒಗೆದವಳ ಬೆರಳಿನ ಹಾಗೆ. ಬಹಳ ದಿನ ಒದ್ದೆಯಲ್ಲಿಟ್ಟದ್ದು. ಕೊಂಬೆ ಕಡಿದ ಜಾಗವನ್ನು ತೊಗಟೆ ಅಂಚಿನಿಂದ ಒಳಕ್ಕೆ ಬೆಳೆದು ಮುಚ್ಚುತ್ತದೆ. ಎಷ್ಟು ವರ್ಷದ್ದು ಅಂತ ಹುಡುಗಿಯರಿಗೆ ಬೆರಳಿಟ್ಟು ತೋರಿಸುತ್ತಿದ್ದೆ. ಇದು ಮುಚ್ಚಿ ಎರಡು ವಾರವಾದರೂ ಆಗಿದೆ. ಹೆಚ್ಚೇ.

ಬೆರಳಿಟ್ಟೆ. ನೋವಿಲ್ಲ. ನಡೆದೆ. ಕಿಟಕಿಯ ತನಕ, ಮತ್ತೆ ಮಂಚದ ತನಕ. ಮೆಟ್ಟಿಲ ತುದಿಯಲ್ಲಿ ನಿಂತೆ. ಕೆಳಗೆ ಬಾಗಿಲು, ಬಾಗಿಲ ಗಾಜಿನಾಚೆ ರಸ್ತೆ. ಇಳಿಯಬಹುದಿತ್ತು.

ಹಿಂತಿರುಗಿ ಬಂದು ಪಟ್ಟಿ ಮತ್ತೆ ಸುತ್ತಿದೆ. ಯಾಕೆ ಅಂತ ಬರೆಯಲು ಪೆನ್ನು ಹಿಡಿದು ಇಷ್ಟು ಹೊತ್ತು…

ಮೇ 20, ಬುಧವಾರ

ಅವನು ಬೆರಳ ಕಡೆಯಿಂದ ಮೇಲಕ್ಕೆ ಸುತ್ತುತ್ತಾನೆ, ಹೊರಗಿನಿಂದ ಒಳಕ್ಕೆ. ಟೇಪು ಹೊರಮಗ್ಗುಲಿಗೆ. ನಾನು ತಿರುವುಮುರುವು ಸುತ್ತಿದ್ದೆ. ಬೆಳಿಗ್ಗೆ ಕಾಲು ತೊಡೆಯ ಮೇಲಿಟ್ಟಾಗಲೇ ನೆನಪಾದದ್ದು.

ಅವನ ಕೈ ಟೇಪು ಹುಡುಕಿತು. ಇರಬೇಕಾದಲ್ಲಿ ಇರಲಿಲ್ಲ. ಕೈ ನಿಂತಿತು.

ಕಿಟಕಿಯಿಂದ ಮುಖ ತಿರುಗಿಸಿದೆ. ಮೊದಲ ಸಲ. ಕಂಡದ್ದು ಅವನ ನೆತ್ತಿ. ಅಲ್ಲಿ ಕೂದಲು ತೆಳುವಾಗಿದೆ. ತಲೆ ಎತ್ತಲಿಲ್ಲ. ಟೇಪು ಒಳಮಗ್ಗುಲಲ್ಲಿ ಸಿಕ್ಕಿತು. ಬಿಚ್ಚಿದ. ತೊಳೆದ. ಗಾಯವಿಲ್ಲದ ಕಾಲಿಗೆ ಜೇನು ಹಚ್ಚಿದ, ತೆಳ್ಳಗೆ, ಅಂಚಿನ ತನಕ. ನಾನು ನೋಡುತ್ತಿದ್ದೆ. ನಾನು ನೋಡುತ್ತಿದ್ದೇನೆ ಅಂತ ಅವನಿಗೆ ಗೊತ್ತಿತ್ತು.

"ಉರೀತಾ?"

"ಇಲ್ಲ."

"ಸರಿ."

ಸುತ್ತಿದ. ಅವನ ರೀತಿಯಲ್ಲಿ.

ಕೇಳಬಹುದಿತ್ತು. ಅವನೂ ಹೇಳಬಹುದಿತ್ತು. ಹೇಳಿದ್ದರೆ ನಾಳೆಯ ಡ್ರೆಸ್ಸಿಂಗ್ ಇರುತ್ತಿರಲಿಲ್ಲ. ಇಬ್ಬರಲ್ಲಿ ಯಾರಿಗೆ ಅದು ಹೆಚ್ಚು ಬೇಕು — ಗೊತ್ತಾಗುತ್ತಿಲ್ಲ. ಕೋಣೆಗೆ ಬೀಗವಿಲ್ಲ. ಇದ್ದಿದ್ದರೆ ಸುಲಭವಿತ್ತು.

ಮೇ 25, ಸೋಮವಾರ

ಬೆಳಿಗ್ಗೆ, ಟೇಪು ಕತ್ತರಿಸುತ್ತಾ:

"ಇಪ್ಪತ್ತೆಂಟಕ್ಕೆ ಆಗಲ್ಲ ಅನ್ಸುತ್ತೆ ವಸು."

"ಹೂಂ."

"ಕ್ಯಾನ್ಸಲ್ ಮಾಡ್ಲಾ?"

"ನಾನೇ ಮಾಡ್ತೀನಿ ಬಿಡಿ. ಮಲ್ಕೊಂಡೇ ಇರ್ತೀನಲ್ಲ, ಏನು ಕೆಲಸ ನಂಗೆ."

ನಕ್ಕ. ಹಗುರಾದಂತೆ ಕಂಡ. ಇವತ್ತು ಮುದುಕನ ಕಥೆ ಮತ್ತೆ ಬಂತು. ಹುಣ್ಣು ಮಾಗಿತಂತೆ, ಮನೆಗೆ ಕಳಿಸಿದರಂತೆ. ಹೋಗುವಾಗ 'ಜೇನು ಮುಗೀತು, ಇನ್ನು ನಿನ್ನ ಮುಖ ಯಾಕೆ ನೋಡಲಿ' ಅಂದನಂತೆ. ಹೇಳಿ ಮುಗಿಸಿದ ಮೇಲೆ ಹೇಮಚಂದ್ರ ಟ್ಯೂಬಿನ ಮುಚ್ಚಳ ತಿರುಗಿಸುತ್ತಲೇ ಇದ್ದ. ಅದು ಆಗಲೇ ಬಿಗಿಯಾಗಿತ್ತು.

ಕ್ಯಾನ್ಸಲ್ ಮಾಡಲಿಲ್ಲ. ಅದಿತಿಗೆ ಮಾತ್ರ ತಿಳಿಸಿದೆ.

ಅವನು ಹೋದ ಮೇಲೆ ಕೆಳಗಿಳಿದು ಶೂ ತಂದೆ. ಎರಡೂ. ಮಂಚದ ಕೆಳಗಿವೆ.

ಮೇ 28, ಗುರುವಾರ, ಬೆಳಿಗ್ಗೆ

ಅದಿತಿಯ ಮೆಸೇಜು — ಟ್ಯಾಕ್ಸಿ ಬುಕ್ ಆಗಿದೆ, ಬಸ್ ಸ್ಟೇಷನ್ನಿಗೆ. ಡಬ್ಲಿನ್ ಏರ್‌ಪೋರ್ಟಿಗೆ ಅಲ್ಲಿಂದಲೇ ಬಸ್ಸು. ಕೊನೆಗೆ 'ಯೂ'ಲ್ ಬಿ ಗ್ರ್ಯಾಂಡ್'. ಈ ಸಲ ಆ ಮಾತನ್ನು ನಂಬಲು ಯತ್ನಿಸುತ್ತಿದ್ದೇನೆ.

ಬೇಗ ಎದ್ದು ಪಟ್ಟಿ ಬಿಚ್ಚಿ, ತೊಳೆದು, ಕಾಲುಚೀಲ ಹಾಕಿದೆ. ಶೂ ಹಾಕಿದೆ. ಎಡಗಾಲಿನದು ಸ್ವಲ್ಪ ಬಿಗಿ. ಕುರ್ಚಿಯಲ್ಲಿ ಕುಳಿತೆ. ಬ್ಯಾಗು ಪಕ್ಕದಲ್ಲಿ, ಬಚ್ಚಿಡಲಿಲ್ಲ.

ಅವನು ಎಂದಿನಂತೆ ಬಂದ. ಟವೆಲು, ಬೋಗುಣಿ, ಟ್ಯೂಬು. ಬ್ಯಾಗು ನೋಡಿದ. ಕುಳಿತ. ತೊಡೆಯ ಮೇಲೆ ಟವೆಲು ಹಾಸಿದ. ಬೇರೇನೂ ತೋಚದೆ ನಾನೂ ಎಂದಿನಂತೆ ಎಡಗಾಲು ಎತ್ತಿ ಇಟ್ಟೆ. ಶೂ ಸಮೇತ.

ಬೋಗುಣಿಯ ನೀರು ತಣ್ಣಗಾಗಿರಬೇಕು. ಆಮೇಲೆ ಅವನ ಬೆರಳುಗಳು ಲೇಸಿಗೆ ಹೋದವು. ಬಿಚ್ಚಿದ. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕು ಅಂತ ಅನ್ನಿಸಿತು. ಎಳೆದುಕೊಳ್ಳಲಿಲ್ಲ. ಶೂವಿನ ನಾಲಗೆ ಸರಿಮಾಡಿ, ಲೇಸನ್ನು ಸಡಿಲಿಸಿ, ಹೊಸ ಚರ್ಮ ಎಲ್ಲಿಂದ ಎಲ್ಲಿಯವರೆಗೆ ಇದೆಯೋ ಅಷ್ಟು ಜಾಗ ಬಿಟ್ಟು, ಮತ್ತೆ ಕಟ್ಟಿದ. ಎರಡು ಗಂಟು. ಅದಿತಿಯನ್ನು ಸ್ಕೂಲಿಗೆ ಕಳಿಸುವಾಗ ಹಾಕುತ್ತಿದ್ದ ಗಂಟು.

"ಪ್ಲೇನಲ್ಲಿ ಬಿಚ್ಕೊಂಡು ಕೂತ್ಕೋ," ಅಂದ. "ಊದುತ್ತೆ."

"ರೀ…"

ಟವೆಲು ಮಡಿಸಿದ. ಬೋಗುಣಿ ಎತ್ತಿಕೊಂಡು ಕೆಳಗೆ ಹೋದ. ಟ್ಯೂಬು ಸ್ಟೂಲಿನ ಮೇಲೆಯೇ ಇದೆ. ಅರ್ಧ ಉಳಿದಿದೆ. ಮರೆತನೋ, ಬಿಟ್ಟನೋ.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು. ಕೈ ತೊಳೆಯುತ್ತಿದ್ದಾನೆ. ಇವತ್ತು ಕೈಗೆ ಏನೂ ಅಂಟಿಲ್ಲ. ಆದರೂ ತೊಳೆಯುತ್ತಿದ್ದಾನೆ. ಹೊರಬಾಗಿಲಿಗೆ ಹೋಗಬೇಕಾದರೆ ಆ ಅಡುಗೆಮನೆಯ ಬಾಗಿಲು ದಾಟಲೇಬೇಕು. ನೀರು ಓಡುತ್ತಿರುವಷ್ಟು ಹೊತ್ತು ಅವನು ಈ ಕಡೆ ತಿರುಗುವುದಿಲ್ಲ. ತಿರುಗಿ, ಒಂದು ಸಲ ವಸು ಅಂದರೆ —

ಟ್ಯಾಕ್ಸಿ ಬಂತು. ಹಾರ್ನ್ ಮಾಡಲಿಲ್ಲ. ಇಲ್ಲಿ ಮಾಡುವುದಿಲ್ಲ.

ಟ್ಯೂಬು ಬ್ಯಾಗಿಗೆ ಹಾಕಿಕೊಂಡೆ. ಏಳಬೇಕು. ನೀರು ಇನ್ನೂ ಓಡುತ್ತಿದೆ. ಈಗಲೇ ಎದ್ದರೆ —

ನಲ್ಲಿ ನಿಂತಿತು.