ಇಂಜಿನ್ನಿನ ಕಡೆ ನೋಡುವ ಮಂದಿ

ಗೋಕುಲ ರಸ್ತೆ, ಹುಬ್ಬಳ್ಳಿ
೧೪ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ,

ನಿಮ್ಮ ಹುಲಗೇಶನ ನಮಸ್ಕಾರ. ಮೊಣಕಾಲು ಹೇಗಿದೆ? ತಂಗಿ ಸುಜಾತಾ ದಿನಾ ಎಣ್ಣೆ ತಿಕ್ಕುತ್ತಾಳೋ, ಇಲ್ಲ ನೀವೇ ಬೇಡವೆಂದು ಹಟ ಹಿಡಿಯುತ್ತೀರೋ? ಗದುಗಿನ ಥಂಡಿಗೆ ಮಫ್ಲರ್ ಬಿಟ್ಟು ಹೊರಗೆ ಹೋಗಬೇಡಿ. ಫೋನ್ ಬಿಟ್ಟು ಕಾಗದ ಬರೆಯಲು ಕಾರಣವಿದೆ. ಮೆಲ್ಲಗೆ ಹೇಳಿದರೆ ನಿಮಗೆ ಕೇಳಿಸುವುದಿಲ್ಲ, ಜೋರಾಗಿ ಹೇಳಿದರೆ ಓಣಿಗೆಲ್ಲ ಕೇಳಿಸುತ್ತದೆ. ಇದು ಓಣಿಗೆ ಹೇಳುವ ಮಾತಲ್ಲ.

ದಸರೆಗಿಂತ ಮುಂಚೆ ಹುಲ್ಲಿನ ಹೊರೆ ಹೊತ್ತು ಹಳಿ ದಾಟುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಗಾಡಿಗೆ ಸಿಕ್ಕಿದ್ದು ನಿಮಗೆ ಗೊತ್ತು. ಹಾರ್ನ್ ಹೊಡೆದೆ, ಬ್ರೇಕ್ ಹಾಕಿದೆ. ಹಗ್ಗ ಜಗ್ಗಿದರೆ ನಿಲ್ಲಲು ರೈಲೇನು ಎತ್ತಿನ ಬಂಡಿಯೇ? ಜೀವಮಾನವೆಲ್ಲ ಇಂಜಿನ್ ಓಡಿಸಿದ ನಿಮಗೆ ನಾನೇನು ಹೇಳುವುದು. ಆಕೆ ಉಳಿಯಲಿಲ್ಲ. ವಿಚಾರಣೆ ಮುಗಿದು ತಪ್ಪು ನನ್ನದಲ್ಲ ಎಂದಾಯಿತು. ಅಂದಿನಿಂದ ರಜೆಯಲ್ಲಿದ್ದೇನೆ. ಆದರೆ ಹೆದರಿಕೆ ಹೋಗಿಲ್ಲ, ಅಪ್ಪಾ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ಕೈ ತಾನಾಗಿ ಬ್ರೇಕ್ ಹುಡುಕುತ್ತದೆ.

ಸುಮ್ಮನೆ ಕೂತರೆ ತಲೆ ಕೆಡುತ್ತದೆಂದು ಮಯೂರಿ ನನಗೊಂದು ಕೆಲಸ ಹಚ್ಚಿದಳು. ಅವಳು ಕಲಿಸುವ ಶಾಲೆಯ ಪ್ರದರ್ಶನಕ್ಕೆ ಪುಟ್ಟ ರೈಲ್ವೆ ಸ್ಟೇಷನ್ ಕಟ್ಟುತ್ತಿದ್ದಾರೆ. ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸುವ ಪ್ಲಾಸ್ಟಿಕ್ ಮಂದಿಗೆ ಬಣ್ಣ ಹಚ್ಚುವುದು ನಿಮ್ಮ ಸೊಸೆಯ ಅಪ್ಪಣೆಯಂತೆ ನನ್ನ ಪಾಲಿಗೆ ಬಂತು. ಒಬ್ಬೊಬ್ಬರೂ ಕಿರುಬೆರಳಿನ ಗೆಣ್ಣಿನಷ್ಟಿದ್ದಾರೆ. ಮೊದಮೊದಲು ಹಚ್ಚಿದವರ ಮುಖ ಬಣ್ಣದಲ್ಲಿ ಮುಳುಗಿ ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಅಂಗಡಿ ಬೋರ್ಡ್ ಬರೆಯುವ ಇಸ್ತಿಯಾಕ ನಿಮಗೆ ನೆನಪಿರಬೇಕು, ಸಣ್ಣವನಿದ್ದಾಗ ನಮ್ಮ ಮನೆಯ ಚುರಮರಿ ಡಬ್ಬಿ ಖಾಲಿ ಮಾಡುತ್ತಿದ್ದವನು. ಅವನೇ ಗುರುವಾದ. ಬಣ್ಣಕ್ಕೆ ನೀರು ಕೂಡಿಸಿ ತೆಳ್ಳಗೆ ಮಾಡಬೇಕು, ಒಂದು ಪದರು ಒಣಗಿದ ಮೇಲೆ ಇನ್ನೊಂದು ಎಂದ. ಗೊಂಬೆಯನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಿ ಹಿಡಿಯುವುದು, ಎರಡೂ ಮಣಿಕಟ್ಟು ಒಂದಕ್ಕೊಂದು ಆನಿಸಿದರೆ ಕೈ ನಡುಗುವುದಿಲ್ಲ ಎಂಬುದು, ಎಲ್ಲ ಅವನು ಕಲಿಸಿದ್ದೇ. ನಡುಗುವ ಕೈಗೆ ಮದ್ದು ಸಿಕ್ಕಿತೆಂದು ಖುಷಿಪಟ್ಟೆ. ಬರಬರುತ್ತ ಸೀರೆಗೆ ಅಂಚು ಬಂತು, ಪೋರ್ಟರನ ಅಂಗಿಯ ಮಡಿಕೆಯಲ್ಲಿ ನೆರಳೂ ಬಂತು.

ಕೈ ಪಳಗಿದ್ದೇ ಫಜೀತಿಯಾಯಿತು. ಮುಖ ಬರೀ ಚುಕ್ಕೆಯಾಗಿದ್ದಾಗ ನೆಮ್ಮದಿಯಿತ್ತು. ಕಣ್ಣು ಬರೆಯಲು ಕಲಿತ ಮೇಲೆ ಎಲ್ಲರೂ ನನ್ನನ್ನೇ ದಿಟ್ಟಿಸತೊಡಗಿದರು. ಇಸ್ತಿಯಾಕ ನೋಡಿದವನೇ, "ಕಣ್ಣಾಗ ಬಿಳಿ ಭಾಳ ಆಗೇತಿ ದೋಸ್ತ, ಬಿಳಿ ಹೆಚ್ಚಾದ್ರ ಮಂದಿ ಅಂಜಿದಂಗ ಕಾಣತಾರ" ಅಂದ. ಬಿಳಿ ಕಡಿಮೆ ಮಾಡಿದೆ. ನಿನ್ನೆ ಸಂಜೆ ಎಲ್ಲರನ್ನೂ ಪ್ಲಾಟ್‌ಫಾರ್ಮಿನ ಮೇಲೆ ಅಂಟಿಸಿ ಮಯೂರಿಯನ್ನು ಕರೆದೆ. ಅವಳು ಸ್ವಲ್ಪ ಹೊತ್ತು ನೋಡಿ, "ಎಲ್ಲಾರೂ ಯಾಕ ಇಂಜಿನ್ ಕಡೇನ ನೋಡಾಕತ್ತಾರ್ರೀ? ಮಂದಿ ಚಾ ಕುಡಿಯೂದಿಲ್ಲೇನು, ಮಾತಾಡೂದಿಲ್ಲೇನು?" ಅಂದಳು. ಆಗಲೇ ನನಗೆ ತಿಳಿದದ್ದು. ಚಹಾ ಮಾರುವವ, ಕೂಸು ಎತ್ತಿಕೊಂಡವಳು, ಪೋರ್ಟರ, ಒಬ್ಬರನ್ನೂ ಬಿಡದೆ ಇಂಜಿನ್ನಿಗೆ ಮುಖ ಮಾಡಿಸಿ ನಿಲ್ಲಿಸಿದ್ದೆ. ಇಷ್ಟು ವರ್ಷ ನಾನು ಮಂದಿಯನ್ನು ನೋಡಿದ್ದೇ ಹಾಗೆ, ಹಾರ್ನಿಗೆ ಕತ್ತೆತ್ತಿದ ಮುಖಗಳನ್ನು. ಆ ಹೆಣ್ಣುಮಗಳೂ ಹೊರೆಯ ಕೆಳಗಿಂದ ಹಾಗೆಯೇ ನೋಡಿದ್ದಳು. ಅವರ ಮೇಲೆ ಪೇಪರ್ ಹೊದಿಸಿ ಹೊರಗೆ ಬಂದೆ.

ಆಗಿನಿಂದ ನೀವೇ ನೆನಪಾಗುತ್ತಿದ್ದೀರಿ. ನಾವು ಸಣ್ಣವರಿದ್ದಾಗ ಒಂದೊಂದು ದಿನ ನೀವು ಡ್ಯೂಟಿಯಿಂದ ಬಂದವರು ಒಳಗೆ ಕಾಲಿಡದೆ, ಹಿತ್ತಲಲ್ಲಿ ಯೂನಿಫಾರ್ಮಿನ ಮೇಲೆಯೇ ಕೊಡಗಟ್ಟಲೆ ನೀರು ಸುರಿದುಕೊಳ್ಳುತ್ತಿದ್ದಿರಿ. ಅವ್ವ ನಮ್ಮನ್ನು ಒಳಗೆ ಎಳೆದುಕೊಂಡು, "ಇವತ್ತ ಅಪ್ಪನ್ನ ಮಾತಾಡಸಬ್ಯಾಡ್ರಿ" ಎನ್ನುತ್ತಿದ್ದಳು. ಸೆಕೆಗೆ ಹಾಗೆ ಮಾಡುತ್ತೀರೆಂದು ನಾನೂ ಸುಜಾತಾಳೂ ನಗುತ್ತಿದ್ದೆವು. ಅವು ನಿಮ್ಮ ಗಾಡಿಗೂ ಯಾರೋ ಸಿಕ್ಕ ದಿನಗಳೆಂದು ಈಗ ತಿಳಿಯುತ್ತಿದೆ. ಮುಂದೆಂದೂ ನೀವು ಆ ಮಾತೆತ್ತಲಿಲ್ಲ, ನಾವು ಕೇಳಲಿಲ್ಲ.

ಉಳಿದಂತೆ ಎಲ್ಲರೂ ಸೌಖ್ಯ. ಸುಜಾತಾಳಿಗೂ ಮಕ್ಕಳಿಗೂ ನನ್ನ ನೆನಪು ತಿಳಿಸಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗ,
ಹುಲಗೇಶ

ತಾ.ಕ.: ಸೋಮವಾರ ಡ್ಯೂಟಿಗೆ ಹಾಜರಾಗಬೇಕು. ಈ ಕಾಗದ ತಂದ ಗಾರ್ಡ್ ಶಶಿಕುಮಾರ ಶನಿವಾರ ಹುಬ್ಬಳ್ಳಿಗೆ ಮರಳುತ್ತಾನೆ, ಅವನ ಜೊತೆ ಬಂದುಬಿಡಿ. ಅಂಜಬೇಡ ಎಂದು ಹೇಳಲು ಬರಬೇಡಿ, ಅದನ್ನು ಎಲ್ಲರೂ ಹೇಳಿಯಾಗಿದೆ. ನಿಮಗೆ ಇನ್ನೂ ಯಾರ ಮುಖ ಕಾಣುತ್ತದೆ ಎಂಬುದನ್ನಷ್ಟೇ ಹೇಳಿ. ಆ ಮುಖವನ್ನು ಕಣ್ಣಲ್ಲಿ ಇಟ್ಟುಕೊಂಡೇ ನೀವು ಮರುದಿನ ಇಂಜಿನ್ ಹತ್ತುತ್ತಿದ್ದಿರಿ ಎಂದು ನಿಮ್ಮ ಬಾಯಿಂದ ಕೇಳಿದರೆ, ನಾನೂ ಹತ್ತಿಯೇನು.