ರೂಮಿನ ಮೂಲೆಯ ಒಲೆ

ಬಿಳಿಗೆರೆ
೨ ಜನವರಿ ೨೦೨೫

ಸಂಪಿಗೆ ಊರಿನಲ್ಲಿರುವ ನನ್ನ ಯಜಮಾನರಿಗೆ ಸುನಂದಾಳ ನಮಸ್ಕಾರ.

ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತವರಿನಲ್ಲಿ ಆರಾಮಾಗಿದ್ದೇನೆ. ಅಮ್ಮ ಹೊತ್ತುಹೊತ್ತಿಗೆ ಬಡಿಸುತ್ತಾಳೆ. ಕೇಳಿದವರಿಗೆಲ್ಲ ಔಷಧಿಗೆ ಬಂದಿದ್ದೇನೆ ಎನ್ನುತ್ತೇನೆ. ನೀವು ಗೇಟಿನ ಹತ್ತಿರ ನನ್ನ ಬ್ಯಾಗ್ ಇಳಿಸಿ, ಒಂದು ಲೋಟ ನೀರೂ ಕುಡಿಯದೆ ಬೈಕ್ ತಿರುಗಿಸಿದ್ದು ಯಾಕೆಂದು ಅಮ್ಮನಿಗೂ ಹೇಳಿಲ್ಲ.

ತಿಪಟೂರಿನ ಡಾಕ್ಟರ್ ಹೇಳಿದಾಗ ನೀವು ಪಕ್ಕದಲ್ಲೇ ಕೂತಿದ್ದಿರಿ. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ ಎಂದರು. ಮೈ ಇಳಿಯಬೇಕು, ಆದರೆ ಉಪವಾಸ ಬೇಡ, ತಟ್ಟೆಯಲ್ಲಿ ಯಾವುದು ಎಷ್ಟಿದೆ ನೋಡಿಕೋ ಎಂದರು. "ಮುದ್ದೆ ಬುಡಬೇಡ ಕಣಮ್ಮ, ಅರ್ಧ ಮಾಡು. ಅನ್ನನೂ ಅಷ್ಟೇ. ಕಾಳು, ಸೊಪ್ಪು ಜಾಸ್ತಿ ಮಾಡು, ಅದನ್ನೇ ಮೊದ್ಲು ತಿನ್ನು." ನಮ್ಮಪ್ಪ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು, ಆಮೇಲೆ ಹೋಗೇಬಿಟ್ಟರು. ನನಗೆ ಭಯವಾಯಿತು ಕಣ್ರೀ. ಈಗಲೂ ಆಗುತ್ತದೆ.

ನಮ್ಮ ಮನೆಯಲ್ಲಿ ಗಂಡಸರದ್ದಾಗಬೇಕು, ಅತ್ತೆಯದಾಗಬೇಕು, ಆಮೇಲೆ ನಾನು. ಕೋಪ ಮಾಡಿಕೊಳ್ಳಬೇಡಿ, ಇಷ್ಟು ವರ್ಷ ಅದೇ ಸರಿಯೆಂದು ನಾನೂ ನಡೆಸಿಕೊಂಡು ಬಂದೆ. ಆದರೆ ನನ್ನ ಸರದಿ ಬರುವ ಹೊತ್ತಿಗೆ ಪಾತ್ರೆಯಲ್ಲಿ ಕಾಳು ಎಲ್ಲಿರುತ್ತದೆ? ಬರೀ ಸಾರು. ಜೊತೆಗೆ ಮಿಕ್ಕ ಮುದ್ದೆ, ಮಿಕ್ಕ ಅನ್ನ. ಎಸೆಯಬಾರದೆಂದು ತಿಂದೆ. ತಿಂದಿದ್ದೆಲ್ಲ ಮೈಗೆ ಹತ್ತಿತು. ನೀವು "ಡ್ರಮ್ಮು" ಎಂದು ರೇಗಿಸಿದಾಗ ನಾನೂ ನಿಮ್ಮ ಜೊತೆ ನಕ್ಕಿದ್ದೇನೆ.

ಅತ್ತೆಗೆ ತೊಂದರೆ ಬೇಡವೆಂದೇ ಚಿಕ್ಕ ಕರೆಂಟ್ ಒಲೆ ತಂದು, ನಮ್ಮ ರೂಮಿನ ಮೂಲೆಯಲ್ಲಿ ಒಂದು ಹಿಡಿ ಹೆಸರುಕಾಳು ಬೇಯಿಸಿಕೊಂಡೆ. ಒಂದೇ ಸೂರಿನಡಿ ಎರಡನೇ ಒಲೆ ಹತ್ತಿದರೆ ಪಾಲು ಕೇಳಿದ ಹಾಗೆ ಎನ್ನುವುದು ಈ ದಡ್ಡಿಗೆ ಹೊಳೆಯಲೇ ಇಲ್ಲ. ಅತ್ತೆ ಜಗಲಿಗೆ ಬಂದು "ಒಲೆ ಬೇರೆ ಮಾಡ್ಬುಟ್ಲು ಕಣ್ರಪ್ಪೋ" ಎಂದು ಅತ್ತರು. ನಿಮ್ಮಣ್ಣ ಮಾಯಣ್ಣ "ತೋಟ ಅಳತೆ ಮಾಡ್ಸಾನ ಬುಡು" ಎಂದರು. ನೀವಾದರೂ ಡಾಕ್ಟರ್ ಮಾತು ಎತ್ತುತ್ತೀರೆಂದು ನಿಮ್ಮ ಮುಖ ನೋಡಿದೆ. "ಬಟ್ಟೆ ತುಂಬ್ಕೊ, ನಡಿ" ಎಂದಿರಿ. ಬ್ಯಾಗಿಗೆ ಏನು ತುಂಬಿದೆನೋ ನನಗೇ ತಿಳಿಯಲಿಲ್ಲ.

ನನಗೆ ತೋಟ ಬೇಡ. ಅದರ ಒಂದು ತೆಂಗಿನ ಗರಿಯೂ ಬೇಡ. ಆ ಒಲೆಯನ್ನು ಯಾರಿಗಾದರೂ ಕೊಟ್ಟುಬಿಡಿ. ನಿಮ್ಮೆಲ್ಲರ ಜೊತೆ ಕೂತು, ಪಾತ್ರೆಯಲ್ಲಿ ಕಾಳು ಇರುವಾಗಲೇ ಉಣ್ಣುತ್ತೇನೆ, ಅಷ್ಟೇ ನಾನು ಕೇಳುವುದು. ಅದಕ್ಕೆ ಒಪ್ಪಿಗೆಯಿದ್ದರೆ ಸಂಕ್ರಾಂತಿಗೆ ಬಂದು ಕರೆದುಕೊಂಡು ಹೋಗಿ. ಆರಾಮಾಗಿದ್ದೇನೆ ಎಂದು ಮೇಲೆ ಬರೆದೆನಲ್ಲ, ಸುಳ್ಳು. ರಸ್ತೆಯಲ್ಲಿ ಯಾವ ಬೈಕಿನ ಸದ್ದಾದರೂ ಎದ್ದು ಹೋಗಿ ನೋಡುತ್ತೇನೆ. ಅಮ್ಮ ನೋಡಿಯೂ ನೋಡದವಳಂತೆ ಅಕ್ಕಿ ಆರಿಸುತ್ತಾಳೆ.

ಇನ್ನೂ ನಿಮ್ಮವಳೇ ಆದ
ಸುನಂದಾ

ತಾ.ಕ.: ಮೊನ್ನೆ ಅತ್ತೆ ಫೋನ್ ಮಾಡಿದ್ದರು, ನಿಮಗೆ ಗೊತ್ತಿರಲಿಕ್ಕಿಲ್ಲ. ಹಾಲ್ಕುರಿಕೆಗೆ ಕೊಟ್ಟಿರುವ ನಿಮ್ಮ ತಂಗಿ ಯೋಗಿತಾಳಿಗೂ ಸಕ್ಕರೆ ಅಂಚಿಗೆ ಬಂದಿದೆಯಂತೆ. ಅತ್ತೆ ಅಲ್ಲಿಗೇ ಹೋಗಿ, "ನನ್ ಮಗ್ಳಿಗೆ ಮೊದ್ಲು ಬಡ್ಸಿ" ಎಂದು ಬೀಗಿತ್ತಿಯ ಹತ್ತಿರ ಜಗಳವಾಡಿ ಬಂದರಂತೆ. ಹೆಸರುಕಾಳು ಹೇಗೆ ಬೇಯಿಸುತ್ತಿದ್ದೆ, ಮುದ್ದೆ ಎಷ್ಟು ತಿನ್ನುತ್ತಿದ್ದೆ, ಎಲ್ಲ ಕೇಳಿದರು. ಎಲ್ಲ ಬಿಡಿಸಿ ಹೇಳಿಕೊಟ್ಟೆ. "ನೀನು ಯಾವಾಗ ಬತ್ತೀಯ" ಎಂದು ಕೇಳುತ್ತಾರೇನೋ ಎಂದು ಫೋನ್ ಕಿವಿಗೆ ಒತ್ತಿಕೊಂಡೇ ಇದ್ದೆ. ಇಟ್ಟುಬಿಟ್ಟರು.