ಬಾಣಂತಿ ಪುಡಿ ಮೊದಲು

ಪೂಜ್ಯ ಅತ್ತೆಯವರಿಗೆ, ನಿಮ್ಮ ಸೊಸೆ ಪಾರ್ವತಿಯ ನಮಸ್ಕಾರ. ಈ ಸಲ ಗೆದ್ದ ಸುದ್ದಿ ಬರೆಯುತ್ತಿದ್ದೇನೆ.

ಮಂಡಿ ಮೊಹಲ್ಲಾದ ನಮ್ಮ ಪುಡಿ ಅಂಗಡಿಯ ಬಾಗಿಲಲ್ಲಿ ನೀವು ಮಣೆ ಹಾಕಿಕೊಂಡು ಕೂರುತ್ತಿದ್ದುದು ನೆನಪಿದೆಯೇ? ಯಾರೇ ಬರಲಿ, ಮೊದಲ ಪ್ರಶ್ನೆ ಒಂದೇ: "ಮನೇಲಿ ಬಾಣಂತಿ ಇದ್ದಾರಾ?" ಇದ್ದರೆ ಒಳಗೆ, ನನ್ನ ಹತ್ತಿರ. ಆ ಪುಡಿ ಡಬ್ಬದಲ್ಲಿ ಇಡುವಂಥದ್ದಲ್ಲ. ಹೆರಿಗೆಯಾಗಿ ಎಷ್ಟು ದಿನವೆಂದು ಕೇಳಿ ಆಗಲೇ ಕುಟ್ಟಬೇಕು. ಉಳಿದವರೆಲ್ಲ ಗಲ್ಲಾದ ಕಡೆ, ಸಾರಿನ ಪುಡಿಗೋ ಹುಳಿಪುಡಿಗೋ.

ಈಗ ಗಿರಾಕಿಗಳು ಫೋನಿನಲ್ಲೇ ಬರುತ್ತಾರೆ. ನನ್ನ ಸೊಸೆ ರೂಪ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಂಗಡಿಗೆ ವೆಬ್‌ಸೈಟ್ ಬರೆದಿದ್ದಾಳೆ. ಅಂದಿನಿಂದ ಬಾಣಂತಿ ಪುಡಿಗೆ ಒಂದು ಆರ್ಡರೂ ಬರಲಿಲ್ಲ. ನಿಮ್ಮ ಮೊಮ್ಮಗ, "ಈಗ ಯಾರವ್ವ ಅದನ್ನ ತಿಂತಾರೆ? ನಿಲ್ಲಿಸ್ಬುಡಣ" ಎಂದ. ನಿಮ್ಮ ಕೈಯ ಪುಡಿಯನ್ನು... ಅಂದು ನಾನು ಊಟ ಮಾಡಲಿಲ್ಲ.

ಹೋದ ಶುಕ್ರವಾರ ಜಯಲಕ್ಷ್ಮಿಪುರದ ಹೆಂಗಸೊಬ್ಬರು ಅಂಗಡಿಗೇ ಬಂದು ದಬಾಯಿಸಿದರು. "ಏನ್ರಮ್ಮ, ಮಗಳಿಗೆ ಅಂತ ಮೂರು ಸಲ ಒತ್ತಿದೆ, ಅಂಥ ಪುಡೀನೇ ಇಲ್ಲ ಅನ್ನುತ್ತೆ. ಹೆರೋದನ್ನ ಬಿಟ್ಬುಟ್ರು ಅಂದ್ಕೊಂಡ್ರಾ?"

ರೂಪಳನ್ನು ಕೂರಿಸಿ, ಬರೆದದ್ದನ್ನು ಓದಿ ಹೇಳು ಎಂದೆ. ಬಂದ ಆರ್ಡರ್ ಎಲ್ಲಿಗೆ ಹೋಗಬೇಕೆಂದು ಸಾಲು ಸಾಲಾಗಿ ಬರೆದಿದ್ದಳು. ಮೇಲಿನ ಸಾಲು: ಯಾವ ಪುಡಿಯ ಹೆಸರು ಬಂದರೂ ಗಲ್ಲಾದ ಡಬ್ಬಗಳ ಪಟ್ಟಿಯಲ್ಲಿ ಹುಡುಕು. ಅದರ ಕೆಳಗೆ: ಬಾಣಂತಿ ಪುಡಿಯಾದರೆ ದಿನ ಕೇಳಿ ನನ್ನ ಫೋನಿಗೆ ಕಳಿಸು.

"ಕಂಪ್ಯೂಟರ್ ಇದನ್ನ ಹೇಗೆ ಓದುತ್ತೆ?"

"ಮೇಲಿಂದ ಕೆಳಕ್ಕೆ ಅತ್ತೆ. ಹೊಂದೋ ಸಾಲು ಸಿಕ್ಕ ತಕ್ಷಣ ಅಲ್ಲಿಗೆ ಕಳಿಸಿಬಿಡುತ್ತೆ. ಮುಂದಕ್ಕೆ ನೋಡೋದೇ ಇಲ್ಲ."

"ಬಾಣಂತಿ ಕೇಳೋದೂ ಪುಡಿನೇ ಅಲ್ವೇನೇ? ಮೇಲಿನ ಸಾಲೇ ಅವಳನ್ನ ಎಳ್ಕೊಂಡು ಹೋಗ್ತಿದೆ. ಅವಳ ಸಾಲು ಮೇಲಕ್ಕೆ ಹಾಕು."

ಎಂಜಿನಿಯರಿಂಗ್ ಓದಿದವಳು ಕೀಲಿಮಣೆಗೆ ಕೈ ಹಾಕಿದಳು. ಸಾಲು ಮೇಲೆ ಹೋಯಿತು. ಸಂಜೆಯೊಳಗೆ ನನ್ನ ಫೋನು ನಾಲ್ಕು ಸಲ ಬಡಿದುಕೊಂಡಿತು. ಮಗ, "ಎಲ್ಲಿ ಕಲಿತೆ ಅವ್ವ?" ಎಂದ. "ಹೈಸ್ಕೂಲಲ್ಲಿ ಹೇಳ್ಕೊಡ್ಲಿಲ್ಲ ಬುಡು, ಬಾಗಿಲಲ್ಲಿ ಕೂತ ನಿಮ್ಮಜ್ಜಿ ಹೇಳ್ಕೊಟ್ಟಿದ್ದು," ಎಂದೆ. ನಿಲ್ಲಿಸುವ ಮಾತು ಮತ್ತೆ ಎತ್ತಿಲ್ಲ.

ಇನ್ನೊಂದು ವಿಷಯ. ಆ ಪುಡಿಯ ಅಳತೆಯನ್ನು ನೀವು ನನಗೆ ಹೇಳಿದ್ದು ನಾನು ಮನೆ ತುಂಬಿದ ಒಂಬತ್ತು ವರ್ಷಕ್ಕೆ. ರೂಪ ಬಂದು ಇನ್ನೂ ಮೂರೇ ವರ್ಷ. ಆದರೂ ಸೋಮವಾರ ಅವಳನ್ನು ಒರಳಿನ ಮುಂದೆ ನಿಲ್ಲಿಸಿ ಅಳತೆ ಹೇಳಿಕೊಡುತ್ತೇನೆ. ಆತುರ ಅನ್ನಿಸಿದರೆ ಕನಸಿನಲ್ಲಿ ಬಂದು ನನ್ನನ್ನು ಬೈಯಿರಿ. ಅವಳ ಒನಕೆ ಮಾತ್ರ ನಿಲ್ಲುವುದಿಲ್ಲ.